ಎರಡು ಬಿಂದಿಗೆ ನೀರು, ಒಂದು ಹಣೆಬರಹ

ಇಂಗ್ಲಿಷಿನಲ್ಲಿ ಈಚಿನ ಕೆಲವು ವರ್ಷಗಳಿಂದ 'ಕೋಝಿ ಫ್ಯಾಂಟಸಿ' ಎಂಬ ಹೆಸರಿನಲ್ಲಿ ಒಂದು ಬಗೆಯ ಕಾದಂಬರಿಗಳು ಹೆಚ್ಚು ಓದಿಸಿಕೊಳ್ಳುತ್ತಿವೆ. ಕನ್ನಡದಲ್ಲಿ 'ಬೆಚ್ಚನೆಯ ಅದ್ಭುತ ಕತೆ' ಎಂದು ಕರೆಯಬಹುದೇನೋ. ಇವುಗಳಲ್ಲಿ ಮಾಟಗಾತಿಯರಿರುತ್ತಾರೆ, ರಕ್ಕಸರಿರುತ್ತಾರೆ. ಆದರೆ ಯುದ್ಧವಿರುವುದಿಲ್ಲ, ರಾಜ್ಯಗಳು ಉರುಳುವುದಿಲ್ಲ. 2022ರಲ್ಲಿ ಬಂದ ಟ್ರಾವಿಸ್ ಬಾಲ್ಡ್ರಿಯ 'ಲೆಜೆಂಡ್ಸ್ ಆ್ಯಂಡ್ ಲ್ಯಾಟೇಸ್'ನಲ್ಲಿ ಯೋಧೆಯೊಬ್ಬಳು ಕತ್ತಿ ಕೆಳಗಿಟ್ಟು ಕಾಫಿ ಅಂಗಡಿ ತೆರೆಯುತ್ತಾಳೆ. ಕತೆಯ ಮುಖ್ಯ ಸಂಗತಿಯೇ ಆ ಅಂಗಡಿ. ಕೊರೊನಾ ಕಾಲದ ಒಂಟಿತನವನ್ನು ಕಂಡ ಓದುಗರಿಗೆ ಇಂಥ ಕತೆ ಬೇಕೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಸಮಾಧಾನ ಕೊಡುವ ಸಾಹಿತ್ಯವನ್ನು ಕಂಡು ಮೂಗು ಮುರಿಯುವ ಚಾಳಿ ನಮ್ಮ ವಿಮರ್ಶೆಗೆ ಹಿಂದಿನಿಂದಲೂ ಇದೆ. ಆ ಕೆಲಸ ಈ ಲೇಖನದ್ದಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಈ ಕತೆಗಳು ಕೊಡುವ ಬೆಚ್ಚನೆ ಎಲ್ಲಿಂದ ಬರುತ್ತದೆ? ಅದಕ್ಕಾಗಿ ಅವು ಏನನ್ನು ಮರೆಸುತ್ತವೆ?

ಸ್ಟೇಸಿ ಸಿವಿನ್ಸ್ಕಿ ಅವರ 'ದಿ ಕ್ರೆಸೆಂಟ್ ಮೂನ್ ಟೀರೂಮ್' 2024ರಲ್ಲಿ ಪ್ರಕಟವಾದ ಇಂಥದೇ ಒಂದು ಕಾದಂಬರಿ. ಆ್ಯನ್, ಬಿಯಾಟ್ರಿಕ್ಸ್, ವಯಲೆಟ್ ಎಂಬ ಮೂವರು ಅಕ್ಕತಂಗಿಯರು ಚಿಕಾಗೋ ನಗರದಲ್ಲಿ ಒಂದು ಚಹಾದಂಗಡಿ ನಡೆಸುತ್ತಾರೆ. ತಂದೆತಾಯಿ ತೀರಿಕೊಂಡಿದ್ದಾರೆ. ಮೂವರೂ ಮಾಟ ಬಲ್ಲವರು; ಗಿರಾಕಿ ಕುಡಿದಿಟ್ಟ ಬಟ್ಟಲಿನ ತಳದಲ್ಲಿ ಉಳಿದ ಚಹಾಎಲೆ ನೋಡಿ ಅವರ ಮುಂದಿನ ದಿನಗಳನ್ನು ಹೇಳುತ್ತಾರೆ. ಮನೆಯ ಅಡುಗೆಕೋಣೆಗೂ ಜೀವವಿದೆ, ಅದು ಇವರೊಂದಿಗೆ ಜಗಳವಾಡುತ್ತದೆ. ನಗರದ ಭವಿಷ್ಯಗಾರ್ತಿ ತನ್ನ ಶಕ್ತಿ ಕಳೆದುಕೊಂಡಳೆಂಬ ಸುದ್ದಿ ಹೊತ್ತು ಮಾಟಗಾತಿಯರ ಮಂಡಳಿ ಬಾಗಿಲು ತಟ್ಟಿದಾಗ ಕತೆಗೆ ತಿರುವು ಬರುತ್ತದೆ. ಅಕ್ಕತಂಗಿಯರನ್ನು ಅಗಲಿಸುವ ಶಾಪವೊಂದು ಈ ಮನೆತನದ ಮೇಲಿದೆ. ಆ್ಯನಳ ಶಕ್ತಿ ಉಳಿದಿಬ್ಬರನ್ನು ಮೀರಿ ಬೆಳೆಯತೊಡಗುತ್ತದೆ. ಬಿಯಾಟ್ರಿಕ್ಸ್ ಬರೆದದ್ದು ಪ್ರಕಾಶಕರ ಕಣ್ಣಿಗೆ ಬೀಳುತ್ತದೆ. ವಯಲೆಟಳನ್ನು ಸರ್ಕಸ್ಸಿನ ಹಾಡು ಸೆಳೆಯುತ್ತದೆ. ಇನ್ನೂ ಮೂವರು ಮಾಟಗಾತಿಯರ ವಿಧಿಯನ್ನು ಸರಿಪಡಿಸುತ್ತ, ತಮ್ಮ ವಿಧಿಯೊಂದಿಗೂ ಇವರು ಚೌಕಾಸಿಗೆ ಇಳಿಯಬೇಕು.

ಗಮನಿಸಿ ನೋಡಿದರೆ ಇಲ್ಲಿ ಶಾಪವೆಂದು ಅಕ್ಕತಂಗಿಯರು ಹೆದರುತ್ತಿರುವುದು ಬೆಳವಣಿಗೆಗೇ. ಒಬ್ಬಳಿಗೆ ಹೆಚ್ಚಿನ ವಿದ್ಯೆ, ಒಬ್ಬಳಿಗೆ ಬರವಣಿಗೆ, ಒಬ್ಬಳಿಗೆ ಪ್ರೀತಿ ಮತ್ತು ಊರೂರು ಸುತ್ತುವ ಬದುಕು. ಒಂದೇ ಮನೆಯ ಮೂವರಿಗೆ ಮೂರು ದಾರಿಗಳು ತೆರೆದುಕೊಂಡರೆ ಅದಕ್ಕೆ ಶಾಪವೆಂದು ಏಕೆ ಹೆಸರಿಡಬೇಕು ಎಂಬುದು ಕಾದಂಬರಿ ಎತ್ತಿರುವ ನಿಜವಾದ ಪ್ರಶ್ನೆ. ಅದು ಒಳ್ಳೆಯ ಪ್ರಶ್ನೆಯೇ. ಆದರೆ ಈ ಶಾಪವನ್ನು ಹಾಕಿದ ಕೈ, ಅದರಿಂದ ಲಾಭ ಪಡೆಯುವ ಕೈ ಇಲ್ಲಿ ಮುಖ್ಯವಾಗುವುದಿಲ್ಲ. ಮನೆ ಇವರ ಪರವಾಗಿದೆ, ಅಂಗಡಿ ಇವರದೇ, ಗಿರಾಕಿಗಳು ಇವರ ಮಾತಿಗೆ ಕಾಯುತ್ತಾರೆ. ಕತೆಯ ಬೆಚ್ಚನೆ ಹುಟ್ಟುವುದು ಇಲ್ಲಿ: ವಿಧಿಯೊಂದೇ ಎದುರಾಳಿ, ಮನುಷ್ಯರ ಪೈಕಿ ಎದುರಾಳಿಯೆನ್ನುವಂಥವರು ಇಲ್ಲ.

ಇದೇ ಚಿಕಾಗೋ ನಗರದಲ್ಲಿ ಕುಳಿತು ಮೈಸೂರಿನ ಎ.ಕೆ. ರಾಮಾನುಜನ್ (1929-1993) ಕನ್ನಡದ ಹೆಂಗಸರು ಹೇಳುವ ಕತೆಗಳನ್ನು ಇಂಗ್ಲಿಷಿಗೆ ತಂದರು. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅವರು ಸುಮಾರು ಮೂರು ದಶಕ ಪಾಠ ಹೇಳಿದವರು. ಅವರು ಸಂಗ್ರಹಿಸಿದ ಕತೆಗಳ ಪುಸ್ತಕ ಅವರು ತೀರಿಕೊಂಡ ನಂತರ, 1997ರಲ್ಲಿ ಹೊರಬಂತು. ಅದಕ್ಕೆ ಹೆಸರು ಕೊಟ್ಟ ಕತೆ ಹೂ ಬಿಡುವ ಮರವಾಗುವ ಹುಡುಗಿಯದು. ಮಾಯೆ ಬಲ್ಲ ಹುಡುಗಿ, ಅವಳ ಅಕ್ಕ, ಅವರ ಹಣೆಬರಹ ಎಂದು ಹೇಳಿದರೆ ಮೇಲಿನ ಕಾದಂಬರಿಯ ಪರಿಚಯದಂತೆಯೇ ಕೇಳಿಸುತ್ತದೆ. ಒಳಗೆ ಇಳಿದರೆ ಲೋಕವೇ ಬೇರೆ.

ಒಬ್ಬ ಮುದುಕಿ ಕೂಲಿನಾಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಸಾಕುತ್ತಾಳೆ. ಅವ್ವ ಪಡುವ ಪಾಡು ನೋಡಲಾರದೆ ಕಿರಿಯವಳು ಅಕ್ಕನಿಗೆ ಒಂದು ಉಪಾಯ ಹೇಳುತ್ತಾಳೆ: ತಾನು ಹೂವಿನ ಮರವಾಗುತ್ತೇನೆ, ಹೂ ಕಿತ್ತು ಮಾರು. ಮನೆ ಗುಡಿಸಿ ಸಾರಿಸಬೇಕು, ಸ್ನಾನ ಮಾಡಬೇಕು, ಎರಡು ಬಿಂದಿಗೆ ನೀರು ತರಬೇಕು. ಉಗುರು ಸೋಕದಂತೆ ಒಂದು ಬಿಂದಿಗೆ ನೀರು ಹುಯ್ದರೆ ಹುಡುಗಿ ಮರವಾಗುತ್ತಾಳೆ. ಕೊಂಬೆಗೆ ನೋವಾಗದ ಹಾಗೆ ಹೂ ಬಿಡಿಸಿಕೊಂಡು ಇನ್ನೊಂದು ಬಿಂದಿಗೆ ಹುಯ್ದರೆ ಮತ್ತೆ ಹುಡುಗಿಯಾಗುತ್ತಾಳೆ. ಅಕ್ಕ ಹಾಗೆಯೇ ಮಾಡುತ್ತಾಳೆ. ಇಬ್ಬರೂ ಕೂತು ಹೂ ಕಟ್ಟುತ್ತಾರೆ, ಅರಮನೆಗೆ ಮಾರುತ್ತಾರೆ. ತುಮಕೂರಿನಲ್ಲೋ ಗುಬ್ಬಿಯಲ್ಲೋ ಕುಣಿಗಲ್ಲಿನಲ್ಲೋ ಸಂಜೆ ಹೊತ್ತು ಪುಟ್ಟಿ ಮುಂದಿಟ್ಟುಕೊಂಡು ಮೊಳದ ಲೆಕ್ಕದಲ್ಲಿ ಹೂ ಅಳೆದು ಕೊಡುವ ಹೆಂಗಸರನ್ನು ನೋಡಿದವರಿಗೆ ಈ ಕತೆಯ ಆರಂಭ ಅದ್ಭುತವೆನಿಸುವುದಕ್ಕಿಂತ ಹೆಚ್ಚಾಗಿ ಪರಿಚಿತವೆನಿಸುತ್ತದೆ. ಇಲ್ಲಿ ಮಾಯೆ ಹುಟ್ಟಿದ್ದೇ ಸಂಪಾದನೆಗಾಗಿ, ಅವ್ವನ ಕೂಲಿ ತಪ್ಪಿಸುವುದಕ್ಕಾಗಿ.

ಮುಂದೆ ರಾಜಕುಮಾರ ಇದನ್ನು ಕದ್ದು ನೋಡುತ್ತಾನೆ, ಅವಳನ್ನೇ ಮದುವೆಯಾಗುತ್ತಾನೆ. ಮದುವೆಯಾದ ಮೇಲೆ ಮರವಾಗಿ ತೋರಿಸುವವರೆಗೂ ಅವಳೊಂದಿಗೆ ಮಾತೇ ಆಡುವುದಿಲ್ಲ. ಅವಳು ಮಣಿಯುತ್ತಾಳೆ. ಹೂವಿನ ರಾಶಿ ಕಂಡ ನಾದಿನಿ ಅತ್ತಿಗೆಯನ್ನು ಗೆಳತಿಯರೊಂದಿಗೆ ತೋಟಕ್ಕೆ ಕರೆದೊಯ್ದು ಬಲವಂತ ಮಾಡುತ್ತಾಳೆ. ಹುಡುಗಿಯರು ಬೇಕಾಬಿಟ್ಟಿ ನೀರೆರಚಿ, ಕೊಂಬೆ ಮುರಿದು, ಮಳೆ ಬಂತೆಂದು ಬಿಟ್ಟು ಓಡುತ್ತಾರೆ. ಅರ್ಧ ಮರ ಅರ್ಧ ಹೆಣ್ಣಾಗಿ, ಕೈಕಾಲಿಲ್ಲದೆ ಅವಳು ಚರಂಡಿಯಲ್ಲಿ ಬೀಳುತ್ತಾಳೆ. ಹತ್ತಿ ಸಾಗಿಸುವ ಗಾಡಿಯವನೊಬ್ಬ ಕರುಣೆಯಿಂದ ಎತ್ತಿ ಇನ್ನೊಂದು ಊರಿಗೆ ಮುಟ್ಟಿಸುತ್ತಾನೆ. ಆ ಊರಿನ ರಾಣಿ ಅವಳ ಗಂಡನ ಅಕ್ಕ. ಹೆಂಡತಿಯನ್ನು ಕಳೆದುಕೊಂಡು ಬೈರಾಗಿಯಾಗಿ ಅಲೆಯುತ್ತ ಗಂಡನೂ ಅಲ್ಲಿಗೇ ಬರುತ್ತಾನೆ. ಕೊನೆಗೆ ಅವನೇ ನೀರು ಹುಯ್ದು, ಮುರಿದ ಕೊಂಬೆಗಳನ್ನು ಜೋಡಿಸಿ, ಮತ್ತೊಂದು ಬಿಂದಿಗೆ ನೀರಿನಿಂದ ಅವಳನ್ನು ಹೆಣ್ಣಾಗಿಸುತ್ತಾನೆ.

ರಾಮಾನುಜನ್ ಇದನ್ನು ಹೆಂಗಸಿನ ಕತೆ ಎಂದೇ ಕರೆದು ಚರ್ಚಿಸಿದ್ದಾರೆ. ಗಿರೀಶ ಕಾರ್ನಾಡರು 1992ರಲ್ಲಿ ಇದನ್ನು 'ಚೆಲುವಿ' ಎಂಬ ಹಿಂದಿ ಚಿತ್ರವಾಗಿಸಿದರು. ಜಾನ್ ಆ್ಯಡಮ್ಸ್ ಎಂಬ ಅಮೆರಿಕದ ಸಂಗೀತಕಾರ ಮಾಡಿದ ಒಪೆರಾ 2006ರಲ್ಲಿ ವಿಯೆನ್ನಾದಲ್ಲಿ ರಂಗಕ್ಕೆ ಬಂತು. ಗಂಡುಹೆಣ್ಣಿನ ಸಂಬಂಧ, ಹೆಣ್ಣು ಮತ್ತು ಪ್ರಕೃತಿ ಎಂಬ ನೆಲೆಗಳಿಂದ ಈ ಕತೆಯನ್ನು ಓದಿದವರು ಬಹಳ ಮಂದಿ. ಅಕ್ಕತಂಗಿಯರ ಕತೆಯಾಗಿ ಓದಿದವರು ಕಡಿಮೆ.

ಹಾಗೆ ಓದಿದರೆ ಕಾಣುವುದೇನು? ಮರವಾಗುವ ಶಕ್ತಿ ಹುಡುಗಿಯದು, ನಿಜ. ಆದರೆ ಮರಳಿ ಹೆಣ್ಣಾಗುವುದು ಅವಳ ಕೈಯಲ್ಲಿಲ್ಲ. ಎರಡನೆಯ ಬಿಂದಿಗೆ ಯಾವಾಗಲೂ ಇನ್ನೊಬ್ಬರ ಕೈಯಲ್ಲಿರುತ್ತದೆ. ಅಕ್ಕನ ಕೈಯಲ್ಲಿದ್ದಾಗ ಅವಳಿಗೆ ಅಪಾಯವಿಲ್ಲ. ಗಂಡನ ಕೈಗೆ ಬಂದಾಗ ಅದು ಹಟದ, ಭೋಗದ ವಸ್ತುವಾಗುತ್ತದೆ. ನಾದಿನಿಯ ಕೈಗೆ ಹೋದಾಗ ತಮಾಷೆಯಾಗುತ್ತದೆ. ಒಂದೇ ಮಂತ್ರ, ಅದೇ ನೀರು. ಹುಯ್ಯುವ ಕೈ ಬದಲಾದಂತೆ ಹುಡುಗಿಯ ಹಣೆಬರಹ ಬದಲಾಗುತ್ತದೆ. ನಮ್ಮ ಅಜ್ಜಿಯರು ವಿಧಿಯ ಬಗ್ಗೆ ಆಡಿದ ಇಷ್ಟು ಸ್ಪಷ್ಟವಾದ ಮಾತು ಶಾಸ್ತ್ರಗ್ರಂಥಗಳಲ್ಲಿ ಹುಡುಕಿದರೆ ಸಿಗಲಾರದು. ಚಿಕಾಗೋದ ಅಕ್ಕತಂಗಿಯರು ಬಟ್ಟಲಿನ ತಳದಲ್ಲಿ ವಿಧಿಯನ್ನು ಓದುತ್ತಾರೆ. ಈ ಕತೆ ಹೇಳಿದ ಹೆಂಗಸರು ಅದನ್ನು ಬಿಂದಿಗೆ ಹಿಡಿದ ಕೈಗಳಲ್ಲಿ ಓದಿದ್ದಾರೆ.

ಇದೇ ಪುಸ್ತಕದ ಹಿಂದೆ, 1991ರಲ್ಲಿ ಬಂದ ರಾಮಾನುಜನ್ನರ ಇನ್ನೊಂದು ಸಂಗ್ರಹದಲ್ಲಿ ಮತ್ತೊಂದು ಕನ್ನಡ ಕತೆಯಿದೆ. ಭಿಕ್ಷೆಗೆ ಬಂದವನೊಬ್ಬ ರಾಜಕುಮಾರಿಗೆ 'ಸತ್ತವನೇ ನಿನ್ನ ಗಂಡ' ಎನ್ನುತ್ತಾನೆ. ಆ ಮಾತಿಗೆ ಹೆದರಿ ಊರು ಬಿಟ್ಟ ಕುಟುಂಬ ಕಾಡಿನಲ್ಲಿ ಒಂದು ಮನೆ ಕಾಣುತ್ತದೆ. ಒಳಗೆ ಕಾಲಿಟ್ಟ ಹುಡುಗಿಯ ಹಿಂದೆ ಬಾಗಿಲು ಮುಚ್ಚಿಕೊಳ್ಳುತ್ತದೆ. ಎದುರಿಗೆ ಸತ್ತ ರಾಜಕುಮಾರ. ಹನ್ನೆರಡು ವರ್ಷ ಅವನ ಸೇವೆ ಮಾಡುತ್ತಾಳೆ. ಜೊತೆಗೆ ಬಂದು ಸೇರಿದ ಇನ್ನೊಬ್ಬ ಹುಡುಗಿಯ ಎದುರಿಗೆ ಅವನು ಕಣ್ಣು ಬಿಡುತ್ತಾನೆ, ಬದುಕಿಸಿದವಳು ಅವಳೇ ಎಂದು ತಿಳಿದು ಅವಳನ್ನೇ ಮದುವೆಯಾಗುತ್ತಾನೆ. ಇವಳು ಮನೆಯ ಆಳಾಗುತ್ತಾಳೆ. ಪೇಟೆಯಿಂದ ಏನು ತರಲಿ ಎಂದಾಗ ಅವಳು ಕೇಳುವುದು ಮಾತಾಡುವ ಗೊಂಬೆ. ರಾತ್ರಿ ಗೊಂಬೆಯ ಮುಂದೆ ತನ್ನ ಕತೆ ಹೇಳಿಕೊಳ್ಳುತ್ತಾಳೆ. ಅದನ್ನು ಕೇಳಿಸಿಕೊಂಡ ರಾಜಕುಮಾರನಿಗೆ ನಿಜ ತಿಳಿಯುತ್ತದೆ. ಹೆಂಗಸರ ಕತೆಗಳಲ್ಲಿ ಕಷ್ಟಕ್ಕೆ ಹಿಂದಿನ ಜನ್ಮದ ಕರ್ಮ ಕಾರಣವೆನ್ನುವ ಲೆಕ್ಕವಿಲ್ಲ ಎಂದು ರಾಮಾನುಜನ್ ಗಮನಿಸಿದ್ದರು. ಈ ಹುಡುಗಿ ಯಾವ ಪಾಪವನ್ನೂ ಮಾಡಿಲ್ಲ. ವಿಧಿ ಬಂದಿದೆ, ಅನುಭವಿಸುತ್ತಾಳೆ. ಅನುಭವಿಸಿದ್ದನ್ನು ಹೇಳಿಕೊಳ್ಳಲು ಕಿವಿಯೊಂದು ಸಿಕ್ಕಾಗ ವಿಧಿಯ ಹಿಡಿತ ಸಡಿಲವಾಗುತ್ತದೆ. ಇಡೀ ಅರಮನೆಯಲ್ಲಿ ಆ ಕಿವಿ ಒಂದು ಗೊಂಬೆಯದಾಗಿತ್ತು ಎಂಬುದರಲ್ಲೇ ಕತೆಯ ಕಟು ವಿಮರ್ಶೆಯಿದೆ.

ಕೇಳಿಸಿಕೊಂಡವರು ಕೈಬಿಟ್ಟರೆ ಏನಾಗುತ್ತದೆ? ಅದಕ್ಕೆ ಉತ್ತರ 'ಕೆರೆಗೆ ಹಾರ'ದಲ್ಲಿದೆ. ಕಲ್ಲನಕೇರಿಯ ಮಲ್ಲನಗೌಡ ಕಟ್ಟಿಸಿದ ಕೆರೆಯಲ್ಲಿ ಹನಿ ನೀರಿಲ್ಲ. ಹೊತ್ತಗೆ ನೋಡಿದವರು ಸೊಸೆಯೊಬ್ಬಳನ್ನು ಬಲಿ ಕೊಡಬೇಕೆನ್ನುತ್ತಾರೆ. ಹಿರಿಸೊಸೆಯನ್ನು ಕೊಟ್ಟರೆ ಮನೆಗೆ ಹಿರಿತನವಿಲ್ಲದಾಗುತ್ತದೆ. ಹೀಗೆ ಲೆಕ್ಕ ಹಾಕುತ್ತ ಬಂದು ಅದು ಕಿರಿಯವಳಾದ ಭಾಗೀರಥಿಯ ಮೇಲೆ ನಿಲ್ಲುತ್ತದೆ. ವಿಧಿ ಆಕಾಶದಿಂದ ಇಳಿದದ್ದಲ್ಲ, ಓರಗಿತ್ತಿಯರ ನಡುವಿನ ಅಂತಸ್ತಿನ ಮೆಟ್ಟಿಲುಗಳಲ್ಲಿ ಇಳಿದು ಕೊನೆಯ ಮೆಟ್ಟಿಲಲ್ಲಿ ನಿಂತವಳನ್ನು ಮುಟ್ಟಿತು ಎಂಬುದನ್ನು ಲಾವಣಿ ಮುಚ್ಚಿಡುವುದಿಲ್ಲ. ಭಾಗೀರಥಿ ತವರಿಗೆ ಹೋದಾಗ ನಿಜ ಹೇಳಲಾರಳು. ಗೆಳತಿಯ ಮುಂದೆ ಹೇಳುತ್ತಾಳೆ. ಗೆಳತಿಯೋ, ಅವರು ಇಟ್ಟಂತೆ ಇರಬೇಕೆಂದು ಬುದ್ಧಿ ಹೇಳಿ ಕಳಿಸುತ್ತಾಳೆ. ಇವಳೂ ಎರಡನೆಯ ಬಿಂದಿಗೆ ಹಿಡಿದವಳೇ, ಆದರೆ ಹುಯ್ಯಲಿಲ್ಲ.

ಕುಣಿಗಲ್ ಸೀಮೆಯವರಿಗೆ ಇಲ್ಲೊಂದು ಹೋಲಿಕೆ ತಾನಾಗಿ ಹೊಳೆಯುತ್ತದೆ. 'ಮೂಡಲ್ ಕುಣಿಗಲ್ ಕೆರೆ' ಎಂಬ ಹಾಡು ನಾಡಿನಲ್ಲೆಲ್ಲ ಜನರ ಬಾಯಲ್ಲಿದೆ. ಅದು ಕೆರೆಯ ಚೆಲುವನ್ನು ಕಣ್ತುಂಬ ನೋಡಿ ನಲಿಯುವ ಹಾಡು. ತುಂಬಿದ ಕೆರೆಯ ಸಂತೋಷ ಒಂದು ಹಾಡಿನಲ್ಲಿ, ಕೆರೆ ತುಂಬಿಸಲು ತೆತ್ತ ಬೆಲೆ ಇನ್ನೊಂದು ಹಾಡಿನಲ್ಲಿ. ನಮ್ಮ ಜನಪದರು ಎರಡನ್ನೂ ಹಾಡಿದ್ದಾರೆ. ಬೆಚ್ಚನೆಯ ಸಾಹಿತ್ಯ ಬೇಡವೆನ್ನುವುದು ಎಂದರೆ ಕುಣಿಗಲ್ ಕೆರೆಯ ಹಾಡು ಬೇಡವೆಂದ ಹಾಗೆ. ಆದರೆ ಅದೊಂದೇ ಸಾಕು ಎನ್ನುವಾಗ ಭಾಗೀರಥಿ ಮರೆತುಹೋಗುತ್ತಾಳೆ.

ಹೆಂಗಸರ ನಡುವೆ ನಡೆಯುತ್ತಿದ್ದ ಕತೆ ಬಯಲಿಗೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಗುಬ್ಬಿಯ ನಿದರ್ಶನ ಇದೆ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ಅದ್ಭುತವನ್ನು ರಂಗದ ಮೇಲೆ ತೋರಿಸುವ ಕಲೆಯನ್ನು ಕನ್ನಡ ನಾಡಿಗೆ ಕಲಿಸಿತು. ತುಮಕೂರಿಗೆ ಹತ್ತಿರದ ಬೆಳ್ಳಾವೆಯವರಾದ ನರಹರಿ ಶಾಸ್ತ್ರಿಗಳ 'ಸದಾರಮೆ' ಅದರ ಹೆಸರುವಾಸಿ ನಾಟಕ. 1935ರಲ್ಲಿ ಸಿನಿಮಾವೂ ಆಯಿತು. ವಿಧಿಯ ಆಟಕ್ಕೆ ಸಿಕ್ಕಿ ಗಂಡನಿಂದ ಅಗಲಿದ ಹೆಣ್ಣು ಒಂದಾದ ಮೇಲೊಂದು ಅಪಾಯವನ್ನು ತನ್ನ ಜಾಣ್ಮೆಯಿಂದ ದಾಟುವ ಕತೆಯದು. ಅವಳಿಗೆ ನೀರು ಹುಯ್ಯುವ ಅಕ್ಕನಿಲ್ಲ, ಗೊಂಬೆಯಿಲ್ಲ; ಇರುವುದು ಅವಳ ಬುದ್ಧಿಯೊಂದೇ. ಆದರೂ ಜನ ಇಂದಿಗೂ 'ಸದಾರಮೆ' ಎಂದೊಡನೆ ನೆನೆಯುವುದು ಗುಬ್ಬಿ ವೀರಣ್ಣನವರ (1891-1972) ಕಳ್ಳನ ಪಾತ್ರವನ್ನು. ವೀರಣ್ಣನವರ ಪ್ರತಿಭೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕತೆ ಅಡುಗೆಮನೆಯಿಂದ ರಂಗಮಂಟಪಕ್ಕೆ ನಡೆದಾಗ ಹೆಣ್ಣಿನ ಹೆಸರು ನಾಟಕಕ್ಕೆ ಉಳಿದು, ಚಪ್ಪಾಳೆ ಕಳ್ಳನಿಗೆ ಹೋಯಿತು. ಹೆಂಗಸರ ಕತೆಯನ್ನು ಹೆಂಗಸರೇ ಹೆಂಗಸರಿಗೆ ಹೇಳುವುದರಲ್ಲಿ ಇದ್ದ ಸೂಕ್ಷ್ಮಕ್ಕೆ ಟಿಕೆಟ್ಟು ಕೊಂಡ ಸಭಿಕರ ಮುಂದೆ ಜಾಗ ಕಡಿಮೆಯಾಗುವುದು ಸಹಜವೇ ಇರಬಹುದು. ಜಗತ್ತಿನಾದ್ಯಂತ ಮಾರಾಟವಾಗುವ ಇಂದಿನ ಕಾದಂಬರಿಯ ಮುಂದಿರುವ ಸವಾಲೂ ಇದೇ.

ತುಮಕೂರಿನಂಥ ಊರಿನಲ್ಲಿ ಒಂದು ಮನೆಯಲ್ಲಿ 'ಹಣೆಬರಹ' ಎನ್ನುತ್ತಾರೆ, ಪಕ್ಕದ ಮನೆಯಲ್ಲಿ 'ನಸೀಬು' ಎನ್ನುತ್ತಾರೆ. ಪದ ಬೇರೆಯಾದರೂ ಅದು ಬಾಯಿಗೆ ಬರುವ ಸಂದರ್ಭ ಒಂದೇ: ಮಗಳು ಗಂಟುಮೂಟೆ ಕಟ್ಟಿಕೊಂಡು ತವರಿಗೆ ಬಂದಾಗ. ಗಂಡುಮಗ ವ್ಯಾಪಾರದಲ್ಲಿ ಸೋತರೆ ಪೇಟೆಯನ್ನು, ಸಾಲವನ್ನು, ಪಾಲುದಾರನನ್ನು ದೂರುತ್ತೇವೆ. ಹೆಣ್ಣುಮಗಳ ಸಂಸಾರ ಮುರಿದರೆ ಮಾತ್ರ ನಮಗೆ ನಸೀಬು ನೆನಪಾಗುತ್ತದೆ. ದೇವರ ಇಚ್ಛೆಯೆಂಬ ದೊಡ್ಡ ಮಾತನ್ನು ಮನುಷ್ಯರ ಸಣ್ಣತನದ ಮೇಲೆ ಹೊದಿಸುವ ಈ ರೂಢಿ ಯಾವ ಧರ್ಮಕ್ಕೂ ಗೌರವ ತರುವಂಥದ್ದಲ್ಲ.

ಈ ಹೊದಿಕೆಯನ್ನು ಕನ್ನಡದಲ್ಲಿ ಗಟ್ಟಿಯಾಗಿ ಕಿತ್ತೆಸೆದವರು ಕಾಸರಗೋಡಿನ ಸಾರಾ ಅಬೂಬಕ್ಕರ್. 1980ರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯ ಓದುಗರಿಗೆ ಪರಿಚಯವಾದ 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯ ನಾದಿರಾ, ಅಪ್ಪನ ಹಟಕ್ಕೆ ಸಿಕ್ಕಿ ಗಂಡನಿಂದ ಬೇರೆಯಾಗುತ್ತಾಳೆ. ಮತ್ತೆ ಅದೇ ಗಂಡನನ್ನು ಸೇರಲು ನಡುವೆ ಇನ್ನೊಬ್ಬನನ್ನು ಮದುವೆಯಾಗಿ ತಲಾಖ್ ಪಡೆಯಬೇಕೆಂಬ ನಿಯಮ ಅಡ್ಡ ಬರುತ್ತದೆ. ಕೊನೆಗೆ ನೀರಿನ ಪಾಲಾಗುತ್ತಾಳೆ. ಅವಳನ್ನು ಭಾಗೀರಥಿಯ ತಂಗಿ ಎನ್ನಬೇಕು. ಇಬ್ಬರ ವಿಧಿಯನ್ನೂ ಬರೆದವರ ಹೆಸರು ನಮಗೆ ಗೊತ್ತಿದೆ.

ಬಾನು ಮುಷ್ತಾಕರ 'ಎದೆಯ ಹಣತೆ' ಇದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡುತ್ತದೆ. ದೀಪಾ ಭಾಸ್ತಿ ಅನುವಾದಿಸಿದ ಅವರ ಕತೆಗಳ ಸಂಕಲನ 2025ರ ಅಂತಾರಾಷ್ಟ್ರೀಯ ಬೂಕರ್ ಪಡೆದದ್ದು ಈ ಕತೆಯ ಹೆಸರಿನಲ್ಲೇ. ಗಂಡ ಕೈಬಿಟ್ಟ ಮೆಹರುನ್ ತವರಿಗೆ ಬಂದರೆ ಅಣ್ಣತಮ್ಮಂದಿರೇ ಅವಳನ್ನು ಮರಳಿ ತಂದು ಬಿಡುತ್ತಾರೆ. ರಾತ್ರಿ ಸೀಮೆಎಣ್ಣೆ ಸುರಿದುಕೊಂಡು ನಿಂತವಳನ್ನು ತಡೆಯುವವಳು ಹಿರಿಮಗಳು ಸಲ್ಮಾ. ಎಳೆಗೂಸನ್ನು ಎತ್ತಿಕೊಂಡು ಬಂದು, ತಾಯಿಯ ಕಾಲು ಹಿಡಿದು, ತಮ್ಮನ್ನು ಬಿಟ್ಟು ಹೋಗಬೇಡವೆಂದು ಅಂಗಲಾಚುತ್ತಾಳೆ. ಆ ಕ್ಷಣದಲ್ಲಿ ಮಗಳು ಗೆಳತಿಯಾಗುತ್ತಾಳೆ. ಇಲ್ಲಿ ಮಾಯೆಯಿಲ್ಲ, ಮಂತ್ರವಿಲ್ಲ. ಗಂಡ ಬದಲಾಗಲಿಲ್ಲ, ತವರೂ ಬದಲಾಗಲಿಲ್ಲ. ನಾಳೆ ಬೆಳಗಾದರೆ ಮೆಹರುನ್ನಳ ಪಾಡು ಅದೇ. ಆದರೆ ಬೆಳಗು ಎಂಬುದೊಂದು ಉಳಿಯಿತು. ಭಾಗೀರಥಿಯ ಗೆಳತಿ ಹುಯ್ಯದ ಎರಡನೆಯ ಬಿಂದಿಗೆಯನ್ನು ಈ ಹುಡುಗಿ ಹುಯ್ದಳು. ಈ ಕತೆಯಲ್ಲೂ ಬೆಚ್ಚನೆ ಇದೆ. ಆದರೆ ಅದು ಸೀಮೆಎಣ್ಣೆಯ ವಾಸನೆಯ ನಡುವೆ ಹುಟ್ಟಿದ್ದರಿಂದ ಓದುಗನನ್ನು ನಿದ್ದೆ ಹೋಗಲು ಬಿಡುವುದಿಲ್ಲ.

ಹಾಗೆಂದು ನಮ್ಮ ಕತೆಗಳನ್ನು ತಲೆಯ ಮೇಲೆ ಹೊತ್ತು, ಹೊರಗಿನದನ್ನು ತಳ್ಳಿಹಾಕುವುದು ನ್ಯಾಯವಲ್ಲ. ಸಿವಿನ್ಸ್ಕಿಯ ಕಾದಂಬರಿಯಿಂದ ನಾವು ಕಲಿಯಬೇಕಾದದ್ದು ಒಂದಿದೆ. ಅಲ್ಲಿ ಮೂವರಿಗೂ ಒಂದೊಂದು ಕತೆಯಿದೆ. ಮಾಟದಲ್ಲಿ ಮುಂದಾದವಳು ಆ್ಯನ್ ಎಂದು ಬಿಯಾಟ್ರಿಕ್ಸಳ ಬರವಣಿಗೆ ಮೂಲೆಗೆ ಬೀಳುವುದಿಲ್ಲ. ನಮ್ಮ ಹೂವಿನ ಮರದ ಕತೆಯಲ್ಲಿ ಏನಾಯಿತು ನೋಡಿ: ಅಷ್ಟು ನಾಜೂಕಾಗಿ ನೀರು ಹುಯ್ದ, ಹೂ ಕಟ್ಟಿದ, ಅರಮನೆಗೆ ಮಾರಿದ ಅಕ್ಕ, ತಂಗಿಯ ಮದುವೆಯಾದ ಮೇಲೆ ಕತೆಯಿಂದಲೇ ಮಾಯವಾಗುತ್ತಾಳೆ. ತಂಗಿ ಚರಂಡಿಗೆ ಬಿದ್ದಾಗ ಅವಳಿಗೆ ಸುದ್ದಿ ಮುಟ್ಟುವುದಿಲ್ಲ. ಹುಡುಕಿ ಹೋಗುವವನು ಗಂಡ. ಕೊಂಬೆ ಜೋಡಿಸುವ ಪುಣ್ಯವೂ ಅವನಿಗೇ. ಹೇಗೆ ನೀರು ಹುಯ್ಯಬೇಕೆಂದು ಎಲ್ಲರಿಗಿಂತ ಮೊದಲು ಕಲಿತವಳು ಅವಳು. ಅವಳನ್ನೇ ಕತೆ ಕರೆಯಲಿಲ್ಲ. ಕೊಟ್ಟ ಹೆಣ್ಣು ಕುಲದ ಹೊರಗೆ ಎಂಬ ರೂಢಿಯ ಮ್ಯಾಪಿನಲ್ಲಿ ಅಕ್ಕನಿಗೆ ದಾರಿಯೇ ಇರಲಿಲ್ಲ. ಅಕ್ಕತಂಗಿಯರನ್ನು ಅಗಲಿಸುವ ಶಾಪಕ್ಕೆ ನಮ್ಮಲ್ಲಿ ಮಾಟಗಾತಿಯರ ಮಂಡಳಿ ಬೇಕಾಗಿಲ್ಲ. ಮದುವೆಯ ಚಪ್ಪರ ಸಾಕು. ಅದು ಎಷ್ಟು ಸಹಜವಾಗಿ ನಡೆಯುತ್ತದೆಂದರೆ ಕತೆ ಹೇಳಿದ ಅಜ್ಜಿಗೂ ಅದು ಶಾಪವೆಂದು ಅನಿಸಲಿಲ್ಲ.

ರಾಮಾನುಜನ್ ಇನ್ನೊಂದು ಕತೆ ಹೇಳುತ್ತಾರೆ. ಒಬ್ಬ ಹೆಂಗಸಿಗೆ ಒಂದು ಕತೆ, ಒಂದು ಹಾಡು ಗೊತ್ತಿತ್ತು, ಯಾರಿಗೂ ಹೇಳಲಿಲ್ಲ. ಉಸಿರುಗಟ್ಟಿದ ಅವೆರಡೂ ಅವಳು ಮಲಗಿದ್ದಾಗ ಹೊರಬಿದ್ದು ಗಂಡಸಿನ ಕೋಟು, ಜೋಡುಗಳಾಗಿ ಮನೆಯ ಮುಂದೆ ಕುಳಿತವು. ಗಂಡನಿಗೆ ಅನುಮಾನ, ಮನೆಯಲ್ಲಿ ಜಗಳ. ರಾತ್ರಿ ಹನುಮಂತನ ಗುಡಿಯಲ್ಲಿ ಮಲಗಿದ ಗಂಡನಿಗೆ, ಊರಿನ ದೀಪಗಳೆಲ್ಲ ಅಲ್ಲಿ ಸೇರಿ ಆಡಿಕೊಂಡ ಮಾತಿನಿಂದ ನಿಜ ತಿಳಿಯಿತು. ಮನೆಗೆ ಬಂದು ಆ ಕತೆ ಹೇಳು ಎಂದರೆ ಅವಳಿಗೆ ಮರೆತೇ ಹೋಗಿತ್ತು.

ಹೂ ಕಟ್ಟಿದ ಅಕ್ಕನ ಕತೆ ಹಾಗೆ ಮರೆತುಹೋಗುವ ಮೊದಲು ಕನ್ನಡದಲ್ಲಿ ಯಾರಾದರೂ ಅದನ್ನು ಬರೆಯಬೇಕು. ಅದು ಕಾದಂಬರಿಯಾದರೆ ಮಾಯೆ ಇರಲಿ, ಚಹಾದಂಗಡಿ ಬೇಕಾದರೂ ಇರಲಿ, ಓದುಗರಿಗೆ ಸಮಾಧಾನವೂ ಸಿಗಲಿ. ತಂಗಿ ಮನೆಗೆ ಬಂದಿಲ್ಲವೆಂಬ ಸುದ್ದಿ ಕೇಳಿದ ದಿನ ಅಕ್ಕ ಏನು ಮಾಡಿದಳು, ಅವಳನ್ನು ಹೊರಡದಂತೆ ತಡೆದವರು ಯಾರು ಎಂಬುದನ್ನು ಮಾತ್ರ ಅದು ಹೆಸರು ಹಿಡಿದು ಹೇಳಬೇಕು.